ದಿ. ಓಬಯ್ಯ

“ಒಡೀರಿ ಅದನ್ನ,” ಎಂದೆ.

ಇನ್‌ಸ್ಪೆಕ್ಟರ್ ಜಯಕುಮಾರ್ ನನ್ನ ಮುಖ ನೋಡಿದರು, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕವರ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಕವರಿನೊಳಗೆ ಒಂದು ದುಂಡು ಬ್ಯಾಡ್ಜ್. ಅದರಲ್ಲಿ ಕಬಡ್ಡಿ ಕೋಚ್ ಓಬಯ್ಯನ ನಗುಮುಖ. ಭಾನುವಾರ ಬೆಳಿಗ್ಗೆ ಭದ್ರಾವತಿಯ ಕಬಡ್ಡಿ ಹಾಲಿನ ಒಳಗಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ ಓಬಯ್ಯನ ಅಂಗಿಗೆ ಚುಚ್ಚಿದ್ದ ಬ್ಯಾಡ್ಜ್ ಇದೇ.

“ಒಡೆಯೋಕೆ ಇದೇನು ತೆಂಗಿನಕಾಯಾ ಮೇಡಂ? ಕೊಲೆ ಕೇಸಿನ ಸಾಕ್ಷಿ ಇದು.”

“ಸಾಕ್ಷಿ ಅಂತಾನೇ ಒಡೀರಿ ಅಂತಿರೋದು. ಹೊರಗಡೆ ಇರೋದನ್ನ ಊರೆಲ್ಲ ಓದಿ ಆಯ್ತು. ಒಳಗಡೆ ಏನಿದೆ ಅಂತ ಒಬ್ರಾದ್ರೂ ನೋಡಿದೀರಾ?”

ಬ್ಯಾಡ್ಜಿನ ಅಂಚಿನ ಸುತ್ತ ಕೆಂಪು ಅಕ್ಷರದಲ್ಲಿ ‘ದಿ. ಓಬಯ್ಯ ಕೋಚ್ ಗುರುನಮನ’ ಎಂದಿತ್ತು. ಭಾನುವಾರ ಶಿಷ್ಯರೆಲ್ಲ ಸೇರಿ ಓಬಯ್ಯನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸನ್ಮಾನದ ಹೊತ್ತಿಗೆ ಅವನು ಹೆಣವಾಗಿದ್ದ, ಹೆಣದ ಮೇಲೆ ‘ದಿವಂಗತ’ ಎಂದು ಮೊದಲೇ ಮಾಡಿಟ್ಟ ಬ್ಯಾಡ್ಜ್! ಜನರಿಗೆ ಇನ್ನೇನು ಬೇಕು? ಒಂದೇ ದಿನದಲ್ಲಿ ಆ ಫೋಟೊ ಎಲ್ಲರ ಮೊಬೈಲಿಗೂ ಬಂತು. ಬ್ಯಾಡ್ಜ್ ಮಾಡಿದವಳು ವಿನೋಬನಗರದ ತನುಶ್ರೀ. ಸಾವು ಅವಳಿಗೆ ಮೊದಲೇ ಗೊತ್ತಿತ್ತು, ಅಂದಮೇಲೆ ಕೊಂದವಳೂ ಅವಳೇ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಪೊಲೀಸರು ಹೋಗಿ ಹುಡುಗಿಯನ್ನೂ ತಂದರು, ಅವಳ ಬ್ಯಾಡ್ಜ್ ಒತ್ತುವ ಪ್ರೆಸ್ಸನ್ನೂ ಹೊತ್ತು ತಂದರು.

ನಾನು ಸತ್ಯಭಾಮಾ. ವಿನೋಬನಗರದಲ್ಲಿ ಪತ್ತೇದಾರಿ ಕಚೇರಿ ನಡೆಸುವವಳು. ಇಂಥ ಹೆಸರಿಟ್ಟ ಮೇಲೆ ಮಗಳು ಸಿಟ್ಟು ಮಾಡಬಾರದು ಅಂದರೆ ಹೇಗೆ ಎಂದು ನನ್ನ ಅಪ್ಪನನ್ನೇ ಕೇಳಬೇಕು. ತನುಶ್ರೀಯ ತಾಯಿ ದುರ್ಗಮ್ಮ ನಿನ್ನೆ ನನ್ನ ಕಚೇರಿಯ ಹೊಸಿಲಿನ ಮೇಲೆ ಕುಸಿದು ಕೂತು, “ನನ್ನ ಮಗಳನ್ನ ಬಿಡಿಸಿಕೊಡಿ ಮೇಡಂ, ನಾಳೆ ಸಂಜೆ ಕೋರ್ಟಿಗೆ ಹಾಕ್ತಾರಂತೆ,” ಎಂದಿದ್ದಳು. ಆ ನಾಳೆ ಇವತ್ತೇ. ಆಗಲೇ ಮಧ್ಯಾಹ್ನವಾಗಿತ್ತು. ದುರ್ಗಮ್ಮ ಠಾಣೆಯ ಹೊರಗಿನ ಬೆಂಚಿನಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದಳು. ಒಳಗೆ ಬಿಟ್ಟಿರಲಿಲ್ಲ.

ತನುಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಕೂರಲು ಹೇಳಿದರೂ ಕೂತಿರಲಿಲ್ಲ. ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಬರೀ ಸಿಟ್ಟಿತ್ತು. ನನಗೆ ಅವಳು ಹಿಡಿಸಿದ್ದೇ ಅದಕ್ಕೆ.

“ಬ್ಯಾಡ್ಜಿಗೆ ಅಂತ ಕೊಟ್ಟಿದ್ದ ಫೋಟೊ ಇದು, ನೋಡಿ,” ಎಂದು ಮೊಬೈಲನ್ನು ಇನ್‌ಸ್ಪೆಕ್ಟರ ಮೂಗಿಗೆ ಹಿಡಿದೆ. “ಓಬಯ್ಯಂಗೆ ಎಷ್ಟು ಕಿವಿ?”

“ಎರಡು.”

“ಬ್ಯಾಡ್ಜಲ್ಲಿ?”

ಅವರು ಕವರನ್ನು ಎತ್ತಿ ಹಿಡಿದರು. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಲಿಂಗಪ್ಪನೂ ಕತ್ತು ಚಾಚಿದ. ಬ್ಯಾಡ್ಜಿನಲ್ಲಿ ಓಬಯ್ಯನ ಮುಖ ಒಂದು ಪಕ್ಕಕ್ಕೆ ಜಾರಿತ್ತು. ಒಂದೇ ಕಿವಿ ಕಾಣುತ್ತಿತ್ತು. ಇನ್ನೊಂದು ಅಂಚಿನಾಚೆ ಮಾಯವಾಗಿತ್ತು.

“ಕಿವಿ ಎಲ್ಲಿ ಹೋಯ್ತೋ ತಾರೀಖೂ ಅಲ್ಲೇ ಹೋಗಿದೆ,” ಎಂದೆ. “ದಿ. ಅಂದ್ರೆ ದಿವಂಗತ ಒಂದೇ ಅಲ್ಲ ಇನ್‌ಸ್ಪೆಕ್ಟ್ರೇ. ದಿನಾಂಕಕ್ಕೂ ದಿ. ಅಂತಾನೇ ಬರೀತಾರೆ. ಮದುವೆ ಕಾಗದ ಓದಿಲ್ವಾ ನೀವು?”

“ನಾನು ನಿನ್ನೆಯಿಂದ ಬಡ್ಕೊಂಡಿದ್ದೇ ಅದನ್ನ!” ಗೋಡೆಯ ಬಳಿಯಿಂದ ತನುಶ್ರೀ ಕೂಗಿದಳು. “ದಿನಾಂಕ ಸಾರ್, ದಿನಾಂಕ ಸಾರ್ ಅಂತ. ನಕ್ಕರು ಎಲ್ಲ.”

“ತಾರೀಖೇ ಇಲ್ದಿರೋ ದಿನಾಂಕ ಯಾವುದು ಮಾರಾಯ್ತಿ?” ಎಂದರು ಜಯಕುಮಾರ್. “ಅದೂ ಅಲ್ದೆ ಹೆಸರಿಗಿಂತ ಮೊದಲು ಯಾರಾದ್ರೂ ದಿನಾಂಕ ಹಾಕ್ತಾರಾ?”

“ಮೊದಲು ಅಲ್ಲ ಸಾರ್, ಕೊನೇಲಿ! ದುಂಡಗೆ ಸುತ್ತಿ ಬರ್ದಿರೋದು. ಬಳೆಗೆ ಮೊದಲು ಯಾವುದು, ಕೊನೆ ಯಾವುದು? ‘ಓಬಯ್ಯ ಕೋಚ್ ಗುರುನಮನ’, ಆಮೇಲೆ ‘ದಿ.’, ಆಮೇಲೆ ತಾರೀಖು. ತಾರೀಖು ಅಂಚಿನ ಮಡಿಕೆ ಒಳಗೆ ಹೋದ್ರೆ ದಿ. ಬಂದು ಓಬಯ್ಯನ ಪಕ್ಕ ಕೂತ್ಕೊಳುತ್ತೆ.”

“ಮಾಡಿ ತೋರಿಸು,” ಎಂದೆ.

ಮೇಜಿನ ಇನ್ನೊಂದು ತುದಿಯಲ್ಲಿ ಅವಳ ಪ್ರೆಸ್ ಇತ್ತು. ಕಬ್ಬಿಣದ ಪುಟ್ಟ ಕೈಯಂತ್ರ. ಮೇಲೊಂದು ಉದ್ದನೆಯ ಹಿಡಿ, ಕೆಳಗೆ ಎಡಕ್ಕೊಂದು ಬಲಕ್ಕೊಂದು ಅಚ್ಚು. ಶಂಕರಘಟ್ಟದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಹಬ್ಬಕ್ಕೆ, ಶಾಲೆಗಳ ಕ್ರೀಡಾಕೂಟಕ್ಕೆ, ಚುನಾವಣೆಗೆ, ಎಲ್ಲಕ್ಕೂ ಇದರಿಂದಲೇ ಬ್ಯಾಡ್ಜ್ ಮಾಡಿ ತಾಯಿ ಮಗಳು ಬದುಕುತ್ತಿದ್ದರು. ಅದಕ್ಕೀಗ ಕಳ್ಳಭಟ್ಟಿಯ ಮಡಕೆಗೆ ಕಟ್ಟುವ ಹಾಗೆ ಪೊಲೀಸರ ಚೀಟಿ ಕಟ್ಟಿದ್ದರು. ನೋಡಿ ಮೈ ಉರಿಯಿತು.

ಇನ್‌ಸ್ಪೆಕ್ಟರ್ ಬೇಡವೆನ್ನಲಿಲ್ಲ. ಮನೆಯಿಂದ ತಂದಿದ್ದ ಉಳಿದ ಹಾಳೆಗಳೂ ತಗಡಿನ ಬಿಲ್ಲೆಗಳೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ತನುಶ್ರೀ ಅದರಿಂದ ದುಂಡಗೆ ಕತ್ತರಿಸಿದ ಒಂದು ಚಿತ್ರ ತೆಗೆದು ಎಲ್ಲರಿಗೂ ತೋರಿಸಿದಳು. ಓಬಯ್ಯನಿಗೆ ಎರಡು ಕಿವಿ. ಸುತ್ತ ‘ಓಬಯ್ಯ ಕೋಚ್ ಗುರುನಮನ ದಿ. ೮-೧೨’.

ಎಡ ಅಚ್ಚಿನಲ್ಲಿ ತಗಡಿನ ಬಿಲ್ಲೆ ಇಟ್ಟಳು. ಅದರ ಮೇಲೆ ಚಿತ್ರ, ಚಿತ್ರದ ಮೇಲೆ ತೆಳು ಪ್ಲಾಸ್ಟಿಕ್. ಬೆರಳ ತುದಿಯಿಂದ ಚಿತ್ರವನ್ನು ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿಸಿ ಹಿಡಿ ಒತ್ತಿದಳು. ಬಲ ಅಚ್ಚಿನಲ್ಲಿ ಪಿನ್ ಇರುವ ಹಿಂಬದಿಯ ತಗಡಿಟ್ಟು ಮತ್ತೊಮ್ಮೆ ಒತ್ತಿದಳು. ಒತ್ತುವಾಗ ಅವಳ ದವಡೆ ಬಿಗಿಯಿತು. ಬ್ಯಾಡ್ಜನ್ನು ತೆಗೆದು ಇನ್‌ಸ್ಪೆಕ್ಟರ ಮುಂದೆ ಎಸೆದಳು.

ಒಂದೇ ಕಿವಿಯ ಓಬಯ್ಯ. ಸುತ್ತ ‘ದಿ. ಓಬಯ್ಯ ಕೋಚ್ ಗುರುನಮನ’.

“ಹೌದಲ್ಲ ಸಾರ್!” ಎಂದ ಲಿಂಗಪ್ಪ.

“ನೀನು ಸುಮ್ನಿರಯ್ಯ.” ಜಯಕುಮಾರ್ ಬ್ಯಾಡ್ಜನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹೀಗೂ ಆಗಬಹುದು ಅಂತಾಯ್ತು ಮೇಡಂ. ಹೀಗೇ ಆಗಿದೆ ಅಂತ ಆಗಲಿಲ್ಲ. ಇವಳಿಗೆ ಓಬಯ್ಯನ ಮೇಲೆ ದ್ವೇಷ ಇತ್ತು, ಅದು ಸುಳ್ಳಾ?”

“ಸುಳ್ಳಲ್ಲ,” ಎಂದಳು ತನುಶ್ರೀ. “ಟೀಮಿಗೆ ಸೇರಿಸ್ತೀನಿ, ಕ್ಯಾಂಪಿಗೆ ಒಬ್ಬಳೇ ಬಾ ಅಂದ. ಎಲ್ಲರೆದುರು ಕೆನ್ನೆಗೆ ಹೊಡೆದೆ. ನನ್ನ ಆಟ ನಿಲ್ಲಿಸಿದ್ರು, ಹೆಸರು ಕೆಡಿಸಿದ್ರು. ಕೋಚ್ ದೇವರಂಥೋರು ಅಂದ್ರು. ನೀವೂ ಅಂದಿದ್ರಿ ಸಾರ್. ನೀವೂ ಅವನ ಶಿಷ್ಯರೇ ಅಲ್ವಾ?”

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಬ್ಯಾಡ್ಜನ್ನು ಮೇಜಿನಾಚೆಗೆ ತಳ್ಳಿದರು. ಭದ್ರಾವತಿಯಲ್ಲಿ ಓಬಯ್ಯನ ಶಿಷ್ಯನಲ್ಲದ ಗಂಡಸನ್ನು ಹುಡುಕಿ ತೆಗೆಯುವುದೇ ಕಷ್ಟ.

“ಮತ್ತೆ ಅವನ ಬ್ಯಾಡ್ಜ್ ಯಾಕೆ ಒಪ್ಕೊಂಡೆ?” ಎಂದು ಕೇಳಿದರು.

“ಅವನ ಮುಖದ ಮೇಲೆ ದಿನವಿಡೀ ಹಿಡಿ ಒತ್ತಬಹುದಲ್ಲ, ಅದಕ್ಕೆ!”

ಲಿಂಗಪ್ಪ ಕೆಮ್ಮಿದ. ನನಗೆ ನಗು ಬಂತು. ನಗುವ ಹೊತ್ತಲ್ಲ ಎಂದು ನುಂಗಿಕೊಂಡು ಬಾಗಿಲ ಬಳಿಯ ಕುರ್ಚಿಯತ್ತ ತಿರುಗಿದೆ.

ಆ ಕುರ್ಚಿಯಲ್ಲಿ ಕೂತಿದ್ದವನು ಹರ್ಷವರ್ಧನ. ಸನ್ಮಾನ ಸಮಿತಿಯ ಕಾರ್ಯದರ್ಶಿ, ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಬ್ಯಾಡ್ಜಿಗೆ ಆರ್ಡರ್ ಕೊಟ್ಟವನೂ ಅವನೇ, ತನುಶ್ರೀಯ ಮೇಲೆ ದೂರು ಕೊಟ್ಟವನೂ ಅವನೇ. ಕರೆಸಿ ಎಂದು ನಾನೇ ಹಟ ಹಿಡಿದಿದ್ದೆ. ಬಂದಾಗಿನಿಂದ ಮೊಬೈಲಿನಲ್ಲಿ ಏನೋ ಒತ್ತುತ್ತ ಕೂತಿದ್ದ.

“ಹರ್ಷವರ್ಧನ, ಬ್ಯಾಡ್ಜಿನ ಮ್ಯಾಟರ್ ಬರ್ದುಕೊಟ್ಟಿದ್ದು ಯಾರು?”

“ನಾನೇ ಮೇಡಂ.”

“ಅದರಲ್ಲಿ ದಿ. ಅಂತ ಬರ್ದಿದ್ರಿ. ಏನು ಹಂಗಂದ್ರೆ?”

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

“ಏನು ಅಂತ ಕೇಳಿದೆ!”

“ದಿನಾಂಕ,” ಎಂದ ಮೆಲ್ಲಗೆ.

ಒಂದು ಹುಡುಗಿ ನಿನ್ನೆಯಿಂದ ಠಾಣೆಯ ಗೋಡೆಗೆ ಒರಗಿ ನಿಂತಿದ್ದಾಳೆ, ಅವಳ ತಾಯಿ ಹೊರಗೆ ಹಳಸಿದ ಅನ್ನ ಹಿಡಿದು ಕೂತಿದ್ದಾಳೆ, ಊರೆಲ್ಲ ಕೊಲೆಗಾತಿ ಎನ್ನುತ್ತಿದೆ. ಈ ಮನುಷ್ಯನಿಗೆ ಎಲ್ಲ ಗೊತ್ತು!

“ಗೊತ್ತಿದ್ದೂ ದೂರು ಕೊಟ್ಟೆಯಾ? ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?”

“ಯಾರೂ ಕೇಳಲಿಲ್ಲ ಮೇಡಂ.”

“ಕೇಳಲಿಲ್ವಾ? ಮನೆಗೆ ಬೆಂಕಿ ಬಿದ್ರೂ ಯಾರಾದ್ರೂ ಕೇಳಲಿ ಅಂತ ಕೂತಿರ್ತೀಯಾ? ಅನ್ನ ತಿಂತೀಯೋ ಇನ್ನೇನು ತಿಂತೀಯೋ?”

“ಮೇಡಂ, ಸ್ವಲ್ಪ ಮೆಲ್ಲಗೆ. ಇದು ಠಾಣೆ,” ಎಂದರು ಜಯಕುಮಾರ್.

“ಠಾಣೆ ಅಂತ ನೆನಪಿದ್ರೆ ಒಡೀರಿ ಅದನ್ನ. ಒಳಗೆ ತಾರೀಖು ಇಲ್ದಿದ್ರೆ ಸಾಕ್ಷಿ ಹಾಳು ಮಾಡಿಸಿದಳು ಅಂತ ನನ್ನ ಮೇಲೂ ಕೇಸು ಹಾಕಿ. ಇದ್ರೆ ಹುಡುಗಿ ಈಗಲೇ ಮನೆಗೆ ಹೋಗಬೇಕು.”

ಅವರು ಆಗಲಿ ಎಂದು ತಲೆಯಾಡಿಸಿದರು. ಲಿಂಗಪ್ಪ ಜೀಪಿನಿಂದ ಸ್ಕ್ರೂಡ್ರೈವರೂ ಇಕ್ಕಳವೂ ತಂದ. ಹರ್ಷವರ್ಧನನಿಗೆ ವಿಡಿಯೊ ಹಿಡಿಯಲು ಹೇಳಿದರು. ಆ ಕೆಲಸ ಅವನಿಗೆ ಒಗ್ಗಿತು.

ಲಿಂಗಪ್ಪ ಪಿನ್ನಿನ ತಗಡಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಒಮ್ಮೆ ಜಾರಿತು, ಬೆರಳಿಗೆ ಗೀರಿತು. ಎರಡನೇ ಸಲ ತಗಡು ಕಿರ್ರೆಂದು ಬಿಟ್ಟುಕೊಂಡಿತು. ನಾನು ಚಿತ್ರವನ್ನು ಉಗುರಿನಿಂದ ಬಿಡಿಸಿ, ಮಡಿಚಿಕೊಂಡಿದ್ದ ಅಂಚನ್ನು ಮೇಜಿನ ಮೇಲೆ ಒತ್ತಿ ಹರಡಿದೆ. ಮೊದಲು ಓಬಯ್ಯನ ಕಳೆದುಹೋದ ಕಿವಿ ಬಂತು. ಆಮೇಲೆ ಅಂಚಿನ ಸುಕ್ಕುಗಳ ನಡುವೆ ಕೆಂಪು ಅಂಕಿಗಳು ಎದ್ದವು.

“ಬಂತು ನೋಡಿ!” ಎಂದೆ. “ದಿವಂಗತನೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಓದಿ ಇನ್‌ಸ್ಪೆಕ್ಟ್ರೇ.”

ಜಯಕುಮಾರ್ ಕನ್ನಡಕ ಸರಿಮಾಡಿಕೊಂಡು ಬಾಗಿದರು.

“ದಿ. ಏಳು, ಹನ್ನೆರಡು.”

“ಎಂಟು,” ಎಂದೆ.

“ಏಳು ಮೇಡಂ. ನೀವೇ ನೋಡಿ.”

ನೋಡಿದೆ. ೭-೧೨. ಸನ್ಮಾನವಿದ್ದದ್ದು ಎಂಟಕ್ಕೆ. ಪೆಟ್ಟಿಗೆಯಲ್ಲಿದ್ದ ಚಿತ್ರಗಳ ಮೇಲೆಲ್ಲ ಎಂಟು. ಸತ್ತವನ ಎದೆಯ ಮೇಲಿದ್ದ ಈ ಒಂದರ ಮೇಲೆ ಮಾತ್ರ ಏಳು.

“ಅದು ಸ್ಯಾಂಪಲ್,” ಎಂದ ಹರ್ಷವರ್ಧನ ವಿಡಿಯೊ ನಿಲ್ಲಿಸುತ್ತ. “ಮೊದಲು ಶನಿವಾರ ಅಂತಿತ್ತು. ಮುಖ್ಯ ಅತಿಥಿಗೆ ಬಿಡುವಿಲ್ಲ ಅಂತ ಭಾನುವಾರಕ್ಕೆ ಹಾಕಿದ್ವಿ. ಏಳು ಅಂತ ಮಾಡಿದ್ದು ಸ್ಯಾಂಪಲ್ ಒಂದೇ ಒಂದು.”

ನಾನು ಅವನ ಮೇಲೆ ಎರಗಿದೆ. “ಆರ್ಡರ್ ಕೊಟ್ಟೋನ ಕೈಗೇ ತಾನೆ ಸ್ಯಾಂಪಲ್ ಬರೋದು? ಅದನ್ನ ನೀನು ಓಬಯ್ಯನ ಅಂಗಿಗೆ ಯಾವಾಗ ಚುಚ್ಚಿದೆ? ಅವನು ಸಾಯೋ ಮೊದಲೋ, ಸತ್ತ ಮೇಲೋ?”

“ದೇವರಾಣೆಗೂ ನಾನು ಅದನ್ನ ಮುಟ್ಟಿಲ್ಲ ಮೇಡಂ! ಕಂಪ್ಯೂಟರಲ್ಲಿ ಮಾಡಿದ ಚಿತ್ರ ವಾಟ್ಸಾಪಿಗೆ ಕಳಿಸಿದ್ಳು, ಓಕೆ ಅಂದೆ. ಸ್ಯಾಂಪಲ್ ಒಂದು ಮಾಡಿದೀನಿ, ಸ್ವಲ್ಪ ಜಾರಿದೆ, ಕೊಡಲ್ಲ ಅಂದ್ಳು. ಅವಳನ್ನೇ ಕೇಳಿ.”

ಕೇಳಲು ತಿರುಗಿದೆ. “ತನುಶ್ರೀ, ಹೌದೇನೇ? ಅದನ್ನ ಯಾರಿಗೆ ಕೊಟ್ಟೆ?”

ತನುಶ್ರೀ ಮೇಜಿನ ಮೇಲಿದ್ದ ಸುಕ್ಕುಗಟ್ಟಿದ ಚಿತ್ರವನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಆರದೆ ಇದ್ದ ಸಿಟ್ಟು ಅವಳ ಮುಖದಿಂದ ಇಳಿದುಹೋಗಿತ್ತು. ಅವಳ ಕಣ್ಣು ನನ್ನ ಭುಜದ ಮೇಲಿಂದ ಬಾಗಿಲ ಕಡೆಗೆ, ಹೊರಗಿನ ಬೆಂಚಿನ ಕಡೆಗೆ ಹೋಯಿತು. ಹೋದಷ್ಟೇ ಬೇಗ ವಾಪಸು ಬಂತು.

“ಯಾರಿಗೂ ಕೊಟ್ಟಿಲ್ಲ,” ಎಂದಳು. “ನಾನೇ ತಗೊಂಡು ಹೋಗಿ ಚುಚ್ಚಿದೆ. ನಾನೇ ಅವನನ್ನ ಮೆಟ್ಟಿಲಿಂದ ತಳ್ಳಿದೆ. ಬರ್ಕೊಳಿ ಸಾರ್.”

ಜಯಕುಮಾರ್ ಪೆನ್ನಿನ ಮುಚ್ಚಳ ತೆಗೆದರು. ಅಷ್ಟು ಚುರುಕಾಗಿ ಅವರು ಆವರೆಗೆ ಏನನ್ನೂ ಮಾಡಿರಲಿಲ್ಲ.

“ಬರೀಬೇಡಿ!” ಎಂದು ಮೇಜು ಗುದ್ದಿದೆ. “ಸುಳ್ಳು ಹೇಳ್ತಿದಾಳೆ. ಏಳು ಅಂತ ಓದೋವರೆಗೂ ಅದು ಆ ಸ್ಯಾಂಪಲ್ ಅಂತ ಅವಳಿಗೇ ಗೊತ್ತಿರಲಿಲ್ಲ, ಕಾಣಲಿಲ್ವಾ ನಿಮಗೆ?”

“ತಪ್ಪೊಪ್ಪಿಕೊಂಡ ಮೇಲೆ ಮುಗೀತು ಮೇಡಂ. ಒಡೀರಿ ಅಂದೋರು ನೀವೇ.”

ಆ ಮಾತು ಚುಚ್ಚಿತು. ತಿರುಗಿ ಬಯ್ಯುವಷ್ಟರಲ್ಲಿ ಹೊರಗೆ ಡಬ್ಬಿ ಬಿದ್ದ ಸದ್ದಾಯಿತು. ದುರ್ಗಮ್ಮ ಬೆಂಚಿನ ಬಳಿ ಕಾವಲಿದ್ದ ಮಹಿಳಾ ಕಾನ್‌ಸ್ಟೇಬಲ್ ಕೈ ಕೊಡವಿಕೊಂಡು ಒಳಗೆ ನುಗ್ಗಿದಳು.

“ಅವಳು ಸುಳ್ಳು ಹೇಳ್ತಿದಾಳೆ ಸಾರ್! ಅದನ್ನ ಮನೆಯಿಂದ ತಗೊಂಡು ಹೋಗಿದ್ದು ನಾನು.”

“ಅಮ್ಮಾ, ಬಾಯಿ ಮುಚ್ಚು!” ತನುಶ್ರೀ ಕಿರುಚಿದಳು.

“ನೀನು ಮುಚ್ಚು!” ದುರ್ಗಮ್ಮನ ದನಿ ಇನ್ನೂ ಮೇಲಿತ್ತು. “ಕಿಟಕಿ ಹತ್ರ ಬಿದ್ದಿತ್ತು ಸಾರ್. ‘ದಿ. ಓಬಯ್ಯ’ ಅಂತ ಓದಿದೆ, ಹೊಟ್ಟೆ ತಣ್ಣಗಾಯ್ತು. ನನ್ನ ಮಗಳ ಬಾಳು ಕೆಡಿಸಿದೋನಿಗೆ ಹಾರ, ಶಾಲು, ಸನ್ಮಾನ! ಸಭೆ ಶುರುವಾಗೋ ಮೊದಲು ಅವನ ಮುಖದ ಮೇಲೆ ಎಸೆದು ಬರೋಣ ಅಂತ ಮೊದಲ ಬಸ್ಸಿಗೇ ಹೋದೆ. ಮೆಟ್ಟಿಲ ಕೆಳಗೆ ಬಿದ್ದಿದ್ದ. ಮುಟ್ಟಿ ನೋಡಿದೆ, ತಣ್ಣಗಿದ್ದ. ಎಸೆಯೋಕೆ ತಂದಿದ್ದನ್ನ ಚುಚ್ಚಿ ಬಂದೆ. ಅದರಲ್ಲಿ ಬರ್ದಿದ್ದು ಸರಿಯಾಗೇ ಇತ್ತಲ್ಲ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದೇ ಹೆಂಗಸು ನಿನ್ನೆ ನನ್ನ ಹೊಸಿಲಲ್ಲಿ ಕೂತು, ಆ ಓಬಯ್ಯನ ಮುಖ ನೋಡಿ ಎಷ್ಟೋ ವರ್ಷವಾಯಿತು ಎಂದಿದ್ದಳು. ಆ ಮಾತು ನಂಬಿ ನಾನು ಇಲ್ಲಿಗೆ ಬಂದು ಎದೆ ಸೆಟೆಸಿ ನಿಂತಿದ್ದೆ.

“ನನ್ನ ಹತ್ರ ಯಾಕೆ ಹೇಳಲಿಲ್ಲ ದುರ್ಗಮ್ಮಾ? ವೈದ್ಯರ ಹತ್ರ, ನನ್ನ ಹತ್ರ ಸುಳ್ಳು ಹೇಳಿದ್ರೆ ಬದುಕೋದು ಹೇಗೆ?”

“ಹೇಳಿದ್ರೆ ನೀವು ಬರ್ತಿದ್ರಾ?”

ನಾನು ಮೇಜಿನ ಮೇಲಿದ್ದ ಸುಕ್ಕುಗಟ್ಟಿದ ಚಿತ್ರವನ್ನು ಮಗುಚಿಟ್ಟೆ.

“ಇಬ್ರನ್ನೂ ಒಳಗೆ ಹಾಕಿ,” ಎಂದರು ಜಯಕುಮಾರ್. “ಸಂಜೆ ಒಟ್ಟಿಗೇ ಕೋರ್ಟಿಗೆ ಕರ್ಕೊಂಡು ಹೋಗೋಣ.”

ಒಬ್ಬಳನ್ನು ಬಿಡಿಸಲು ಬಂದವಳು ಇಬ್ಬರನ್ನು ಒಳಗೆ ಹಾಕಿಸಿದ್ದೆ. ಇಂಥ ಸಾಧನೆ ಮಾಡಿದ ಪತ್ತೇದಾರಿಣಿ ಈ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಾರಳು. ತನುಶ್ರೀ ಓಡಿಬಂದು ತಾಯಿಯ ತೋಳು ಹಿಡಿದು ನಿಂತಳು. ದುರ್ಗಮ್ಮ ಹೆದರಲಿಲ್ಲ.

“ಹಾಕಿ ಸಾರ್. ಆದ್ರೆ ಇದನ್ನೂ ಬರ್ಕೊಳಿ. ನಾನು ಹೋದಾಗ ಹಾಲಿಗೆ ಹೊರಗಿಂದ ಬೀಗ ಹಾಕಿತ್ತು. ಒಳಗೆ ಸತ್ತು ಬಿದ್ದೋನು ಹೊರಗಿಂದ ಬೀಗ ಹಾಕ್ಕೊಳ್ತಾನಾ? ‘ಕೋಚ್ ಒಳಗಿದಾರೆ, ಹೋಗಿ ಮಾತಾಡಮ್ಮ’ ಅಂತ ಬೀಗದಕೈ ತಂದು ನನ್ನ ಕೈಗಿಟ್ಟೋನು ಯಾರು ಗೊತ್ತಾ? ಈ ಕೋಣೇಲೇ ಇದಾನೆ.”

ಕೋಣೆಯಲ್ಲಿದ್ದ ಗಂಡಸರು ಮೂವರು. ಇನ್‌ಸ್ಪೆಕ್ಟರ್ ಜಯಕುಮಾರ್, ಲಿಂಗಪ್ಪ, ಹರ್ಷವರ್ಧನ. ಮೂವರೂ ಓಬಯ್ಯನ ಕೈಯಲ್ಲಿ ಕಬಡ್ಡಿ ಕಲಿತವರು.

“ಹೆಸರು ಹೇಳಿ ದುರ್ಗಮ್ಮಾ,” ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಮೂವರೂ ಒಟ್ಟಿಗೇ ಬಾಯಿ ಮಾಡಿದರು. ಒಬ್ಬರು ಹುಚ್ಚಿ ಎಂದರು, ಒಬ್ಬ ಸುಳ್ಳಿ ಎಂದ, ಇನ್ನೊಬ್ಬ ಎಳೆದುಕೊಂಡು ಹೋಗಿ ಎಂದು ಕೂಗಿದ. ಆ ಗದ್ದಲದ ನಡುವೆ ದುರ್ಗಮ್ಮನ ತುಟಿ ಅಲ್ಲಾಡಿತು. ಅವಳು ಹೇಳಿದ ಹೆಸರು ನನಗೆ ಕೇಳಿಸಲಿಲ್ಲ.

ಕೇಳಿಸಿದ್ದು ಪಕ್ಕದಲ್ಲಿದ್ದ ತನುಶ್ರೀಗೆ ಮಾತ್ರ. ಅವಳು ಬಿಳಿಚಿಕೊಂಡು ಆ ಮೂವರಲ್ಲಿ ಒಬ್ಬನನ್ನೂ ನೋಡದೆ, ಆ ಹೆಸರು ಹೊರಬಿದ್ದರೆ ತಾಯಿ ಉಳಿಯುವುದಿಲ್ಲ ಎನ್ನುವಂತೆ, ಎರಡೂ ಕೈಯಿಂದ ಅವಳ ಬಾಯಿಯನ್ನು ಬಿಗಿಯಾಗಿ ಮುಚ್ಚಿದಳು.